ಶಾನ್ ರಾಜ್ಯ ಯಾರದು? ಕಣಿವೆಯಿಂದ ಓದಬೇಕಾದ ಚರಿತ್ರೆ

2024ರ ಆಗಸ್ಟ್ 3ರಂದು ಮ್ಯಾನ್ಮಾರಿನ ಈಶಾನ್ಯದ ಲಾಶಿಯೊ ಪಟ್ಟಣ ಸೇನೆಯ ಕೈತಪ್ಪಿತು. ಸೇನೆಯ ಈಶಾನ್ಯ ವಲಯದ ಮುಖ್ಯ ಕಚೇರಿ ಇದ್ದದ್ದು ಅಲ್ಲೇ. ಇಂಥ ವಲಯ ಕಚೇರಿಯೊಂದು ಬಂಡಾಯಗಾರರ ವಶವಾದದ್ದು ಅದೇ ಮೊದಲು. ಲಾಶಿಯೊ ಇರುವುದು ಶಾನ್ ರಾಜ್ಯದಲ್ಲಿ. ಗೆದ್ದವರು ಮಾತ್ರ ಶಾನರಲ್ಲ, ಚೀನೀ ಮಾತಾಡುವ ಕೊಕಾಂಗ್ ಜನರ ಪಡೆಯವರು. ಅದೇ ವರ್ಷ ಹತ್ತಿರದ ಚೌಕ್‌ಮೆ ಮತ್ತು ಸಿಪಾವ್ ಪಟ್ಟಣಗಳನ್ನು ತಾಆಂಗ್ ಪಡೆ ಹಿಡಿಯಿತು. ಪಲಾಂಗ್ ಎಂದೂ ಕರೆಸಿಕೊಳ್ಳುವ ತಾಆಂಗ್ ಜನರೂ ಶಾನರಲ್ಲ. ಶಾನರದೇ ಆದ ಎರಡು ಸಶಸ್ತ್ರ ಪಡೆಗಳು 2023ರ ನವೆಂಬರ್ ಕೊನೆಯವರೆಗೂ ಒಂದರ ಮೇಲೊಂದು ಗುಂಡು ಹಾರಿಸುತ್ತಿದ್ದವು.

ಸುದ್ದಿ ಓದುವವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ತಮ್ಮದೇ ಹೆಸರಿನ ರಾಜ್ಯದಲ್ಲಿ ಶಾನರಿಗೆ ಈ ಸ್ಥಿತಿ ಯಾಕೆ? ಒಳಜಗಳ, ಅಫೀಮು, ಚೀನಾದ ಕೈವಾಡ ಎಂಬ ಮೂರು ಉತ್ತರ ಸಾಮಾನ್ಯವಾಗಿ ಸಿಗುತ್ತವೆ. ಮೂರರಲ್ಲೂ ಸತ್ಯಾಂಶವಿದೆ, ಆದರೆ ಬೇರು ಇನ್ನೂ ಆಳದಲ್ಲಿದೆ. ಶಾನರ ಚರಿತ್ರೆ ಎಂದೂ ಒಂದು ದೊಡ್ಡ ರಾಜ್ಯದ ಚರಿತ್ರೆಯಾಗಿರಲಿಲ್ಲ. ಅದು ಒಂದೊಂದು ಕಣಿವೆಗೂ ಒಬ್ಬೊಬ್ಬ ಒಡೆಯನಿದ್ದ ಹತ್ತಾರು ಸಣ್ಣ ನಾಡುಗಳ ಚರಿತ್ರೆ. ಆ ಕಣಿವೆಗಳ ಸುತ್ತಲಿನ ಬೆಟ್ಟಗಳಲ್ಲಿ ಬೇರೆ ಜನ ಮೊದಲಿನಿಂದಲೂ ಇದ್ದರು. ಇಷ್ಟನ್ನು ಹಿಡಿದುಕೊಂಡರೆ 1228ರ ಅಸ್ಸಾಮೂ ಅರ್ಥವಾಗುತ್ತದೆ, 1947ರ ಪಾಂಗ್‌ಲಾಂಗ್ ಒಪ್ಪಂದವೂ ಅರ್ಥವಾಗುತ್ತದೆ, ಇವತ್ತಿನ ಯುದ್ಧವೂ ಅರ್ಥವಾಗುತ್ತದೆ.

ಹೆಸರಿನ ಕೊನೆಯ ಮಕಾರ

‘ಶಾನ್’ ಎಂಬುದು ಶಾನರು ತಮಗೆ ಇಟ್ಟುಕೊಂಡ ಹೆಸರಲ್ಲ. ಅವರು ತಮ್ಮನ್ನು ‘ತೈ’ ಎಂದು ಕರೆದುಕೊಳ್ಳುತ್ತಾರೆ. ಥಾಯ್ಲೆಂಡಿನವರ ಬಾಯಲ್ಲಿ ಅವರು ‘ತೈ ಯಾಯ್’, ಅಂದರೆ ದೊಡ್ಡ ತೈಗಳು. ಚೀನಾದ ಯುನ್ನಾನ್ ಪ್ರಾಂತದಲ್ಲಿರುವ ಅವರ ಬಂಧುಗಳನ್ನು ಅಲ್ಲಿನ ಸರ್ಕಾರ ‘ದೈ’ ಎಂದು ಬರೆದುಕೊಳ್ಳುತ್ತದೆ.

ಶಾನ್ ಎಂಬುದು ಬರ್ಮೀಯರು ಕೊಟ್ಟ ಹೆಸರು. ಆಡುವಾಗ ‘ಶಾನ್’ ಎನ್ನುವ ಅವರು ಬರೆಯುವಾಗ ಪದದ ಕೊನೆಗೆ ‘ಮ್’ ಬರೆಯುತ್ತಾರೆ. ಬರ್ಮೀ ಮಾತಿನಲ್ಲಿ ಪದಾಂತ್ಯದ ಮಕಾರ ಸವೆದು ಬರೀ ಮೂಗಿನ ದನಿಯಾಗಿದೆ. ಬರವಣಿಗೆ ಮಾತ್ರ ಹಳೆಯ ಉಚ್ಚಾರವನ್ನು ಕಾಪಾಡಿಕೊಂಡಿದೆ. ಆ ಮಕಾರದ ಜಾಡು ಹಿಡಿದು ಹೊರಟರೆ ‘ಸಯಾಂ’ ಸಿಗುತ್ತದೆ, ‘ಅಸ್ಸಾಂ’ ಸಿಗುತ್ತದೆ, ‘ಅಹೋಂ’ ಸಿಗುತ್ತದೆ. ಇವೆಲ್ಲ ಒಂದೇ ಪದದ ಬೇರೆ ಬೇರೆ ರೂಪಗಳೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಇಂದಿನ ವಿಯೆಟ್ನಾಮಿನಲ್ಲಿದ್ದ ಚಂಪಾ ರಾಜ್ಯದ 11ನೇ ಶತಮಾನದ ಶಾಸನದಲ್ಲೂ ಬರ್ಮಾದ ಬಗಾನ್‌ನ 1120ರ ಶಾಸನದಲ್ಲೂ ‘ಸ್ಯಾಮ್’ ಎಂಬ ಹೆಸರಿದೆ. ಅಂಗ್‌ಕೋರ್ ವಾಟ್‌ನ ಉಬ್ಬುಶಿಲ್ಪದಲ್ಲಿ ಒಂದು ಸೈನ್ಯದ ಸಾಲಿಗೂ ಅದೇ ಹೆಸರು ಕೊರೆದಿದ್ದಾರೆ. ಆದರೆ ಅವರೆಲ್ಲ ಇಂದಿನ ಶಾನರ ನೇರ ಪೂರ್ವಜರೆಂದು ಹೇಳಲಾಗದು. ನೆರೆಯವರು ತೈ ನುಡಿಯ ಜನರನ್ನೆಲ್ಲ ಒಟ್ಟಾಗಿ ಕರೆದ ಹೆಸರು ಅದು.

ಮೂಲ ಎಲ್ಲಿ?

19ನೇ ಶತಮಾನದ ಪಾಶ್ಚಾತ್ಯ ಲೇಖಕರು ಹಬ್ಬಿಸಿದ ಒಂದು ಕಥೆ ಇವತ್ತಿಗೂ ಅಂತರ್ಜಾಲದಲ್ಲಿ ಹರಿದಾಡುತ್ತಿದೆ. ಯುನ್ನಾನಿನ ನಾನ್‌ಝಾವ್ ಎಂಬ ಪ್ರಬಲ ರಾಜ್ಯ ತೈಗಳದ್ದು, 1253ರಲ್ಲಿ ಮಂಗೋಲರು ಅಲ್ಲಿಗೆ ನುಗ್ಗಿದಾಗ ಅವರೆಲ್ಲ ದಕ್ಷಿಣಕ್ಕೆ ಓಡಿಬಂದರು ಎಂಬುದು ಆ ಕಥೆ. ಇದು ಎರಡು ಕಡೆ ಮುರಿದು ಬೀಳುತ್ತದೆ.

ಮೊದಲನೆಯದು ರಾಜರ ಹೆಸರುಗಳು. ನಾನ್‌ಝಾವ್ ಅರಸುಮನೆತನದ ಸಾಲು ನೋಡಿ: ಪಿಲುವೊಗೆ, ಅವನ ಮಗ ಗೆಲುವೊಫೆಂಗ್, ಅವನ ಮಗ ಫೆಂಗ್‌ಜಿಯಾಯಿ, ಅವನ ಮಗ ಯಿಮೌಶುನ್. ಅಪ್ಪನ ಹೆಸರಿನ ಕೊನೆಯ ಅಕ್ಷರ ಮಗನ ಹೆಸರಿಗೆ ಮೊದಲ ಅಕ್ಷರವಾಗುತ್ತದೆ, ಥೇಟ್ ಅಂತ್ಯಾಕ್ಷರಿ ಆಟದಂತೆ. ಟಿಬೆಟೊ-ಬರ್ಮನ್ ನುಡಿಗಳನ್ನಾಡುವ ಹಲವು ಜನರಲ್ಲಿ ಈ ಪದ್ಧತಿ ಇದೆ. ತೈ ಜನರಲ್ಲಿ ಇಲ್ಲ. ಅಲ್ಲದೆ 9ನೇ ಶತಮಾನದ ಚೀನೀ ಅಧಿಕಾರಿಯೊಬ್ಬ ದಾಖಲಿಸಿದ ನಾನ್‌ಝಾವ್ ಪದಗಳೂ ತೈ ಪದಗಳಲ್ಲ.

ಎರಡನೆಯದು ಕಾಲದ ಲೆಕ್ಕ. ತೈ ನುಡಿಯ ಅಹೋಂ ಜನರ ದೊರೆ ಸುಕಾಫಾ ಪಟ್ಕಾಯ್ ಬೆಟ್ಟ ದಾಟಿ ಬ್ರಹ್ಮಪುತ್ರ ಕಣಿವೆಗೆ ಇಳಿದದ್ದು 1228ರಲ್ಲಿ, ಮಂಗೋಲರು ಯುನ್ನಾನಿಗೆ ಬರುವ 25 ವರ್ಷ ಮೊದಲೇ. ಹಿಂದಿನಿಂದ ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ಮಂಗೋಲರ ದಾಳಿಯಿಂದ ಈ ಜನರಿಗೆ ಅವಕಾಶ ಸಿಕ್ಕಿತು ನಿಜ. 1287ರ ಹೊತ್ತಿಗೆ ಬಗಾನ್ ಸಾಮ್ರಾಜ್ಯ ಕುಸಿದಾಗ ಶಾನ್ ಒಡೆಯರು ಮೇಲೆದ್ದರು. ಆದರೆ ಜನ ಅಷ್ಟರಲ್ಲಾಗಲೇ ಅಲ್ಲಿ ನೆಲೆಸಿದ್ದರು.

ಹಾಗಾದರೆ ಎಲ್ಲಿಂದ ಬಂದರು? ಭಾಷಾಶಾಸ್ತ್ರ ಕೊಡುವ ಉತ್ತರವೇ ಸದ್ಯಕ್ಕೆ ಗಟ್ಟಿ. ಶಾನ್, ಥಾಯ್, ಲಾವೊ, ಅಹೋಂ ಎಲ್ಲವೂ ತೈ ಭಾಷೆಗಳ ನೈಋತ್ಯ ಕವಲಿಗೆ ಸೇರಿದವು. ಆ ಕುಟುಂಬದ ಉಳಿದ ಕವಲುಗಳೆಲ್ಲ ಇಂದಿನ ಚೀನಾದ ಗುವಾಂಗ್‌ಶಿ ಮತ್ತು ವಿಯೆಟ್ನಾಮಿನ ಉತ್ತರ ಗಡಿಯ ಸುತ್ತ ಗಿಜಿಗುಡುತ್ತವೆ. ಒಂದು ಭಾಷಾಕುಟುಂಬದ ವೈವಿಧ್ಯ ಎಲ್ಲಿ ಹೆಚ್ಚೋ ಅದರ ತವರೂ ಸಾಮಾನ್ಯವಾಗಿ ಅಲ್ಲೇ. ಹೊರಟ ಕಾಲವನ್ನು ಅಳೆಯಲು ಚೀನೀ ಎರವಲುಗಳು ನೆರವಾಗುತ್ತವೆ. ಶಾನ್ ಭಾಷೆಯಲ್ಲಿ ಮೂರಕ್ಕೆ ‘ಸಾಮ್’, ಹತ್ತಕ್ಕೆ ‘ಸಿಪ್’. ಕ್ಯಾಂಟನೀಸಿನಲ್ಲಿ ‘ಸಾಮ್’, ‘ಸಪ್’. ಇಂಥ ಎರವಲುಗಳನ್ನು ಪದರ ಪದರವಾಗಿ ಬಿಡಿಸಿ, ಯಾವುದು ಚೀನೀ ಭಾಷೆಯ ಯಾವ ಕಾಲದ ಉಚ್ಚಾರಕ್ಕೆ ಹೊಂದುತ್ತದೆಂದು ನೋಡುತ್ತಾರೆ. ಟಾಂಗ್ ರಾಜವಂಶದ ಕೊನೆಗಾಲದ ಉಚ್ಚಾರದ ಪದಗಳೂ ನೈಋತ್ಯ ಕವಲಿನಲ್ಲಿ ಇರುವುದರಿಂದ ಈ ಜನ ಪಶ್ಚಿಮಕ್ಕೂ ದಕ್ಷಿಣಕ್ಕೂ ಹರಡಿದ್ದು ಸುಮಾರು 8ರಿಂದ 10ನೇ ಶತಮಾನದ ನಡುವೆ ಅಥವಾ ಅದರ ನಂತರ ಎಂಬ ತೀರ್ಮಾನಕ್ಕೆ ಬರಬಹುದು.

ಶಾನರ ಸ್ವಂತ ವೃತ್ತಾಂತಗಳು ಹೇಳುವುದು ಬೇರೆ. ಖುನ್‌ಲುಂಗ್, ಖುನ್‌ಲಾಯ್ ಎಂಬ ಇಬ್ಬರು ಅಣ್ಣತಮ್ಮಂದಿರು ಆಕಾಶದಿಂದ ಇಳಿದು ಬಂದು ರಾಜ್ಯ ಕಟ್ಟಿದರಂತೆ. ಕೆಲವು ಪಾಠಗಳಲ್ಲಿ ಈ ಘಟನೆಗೆ 6ನೇ ಶತಮಾನದ ಇಸವಿಯೂ ಇದೆ. ಇದನ್ನು ಸುಳ್ಳೆಂದು ತಳ್ಳಿಹಾಕುವವರೂ ತಪ್ಪುತ್ತಾರೆ, ಇಸವಿಯನ್ನು ಹಾಗೇ ನಂಬುವವರೂ ತಪ್ಪುತ್ತಾರೆ. ತೊಡಕು ಇರುವುದು ಕಾಲಗಣನೆಯಲ್ಲಿ. ಹಳೆಯ ತೈ ಲೆಕ್ಕದಲ್ಲಿ ವರ್ಷಗಳಿಗೆ ಸಂಖ್ಯೆಯಿಲ್ಲ, ಹೆಸರಿದೆ. 10 ಹೆಸರುಗಳ ಒಂದು ಸಾಲು, 12 ಹೆಸರುಗಳ ಇನ್ನೊಂದು ಸಾಲು. ಎರಡನ್ನೂ ಜೊತೆಜೊತೆಯಾಗಿ ಎಣಿಸುತ್ತ ಹೋದರೆ 60 ವರ್ಷಕ್ಕೊಮ್ಮೆ ಅದೇ ಜೋಡಿ ಮರಳುತ್ತದೆ. ನಮ್ಮ ಸಂವತ್ಸರಗಳನ್ನು ಬಲ್ಲವರಿಗೆ ಕಷ್ಟ ಥಟ್ಟನೆ ತಿಳಿದೀತು. ಶಕವರ್ಷ ಕೊಡದೆ ಬರೀ ‘ಕ್ರೋಧಿ ಸಂವತ್ಸರ’ ಎಂದು ಕೊರೆದಿದ್ದರೆ ಅದು 1964ರದೋ 2024ರದೋ ಹೇಗೆ ಹೇಳುವುದು? ಒಂದು ವೃತ್ತಾಂತವನ್ನು ನಾಲ್ಕಾರು ತಲೆಮಾರು ನಕಲು ಮಾಡುವಾಗ ನಡುವೆ ಒಂದು ಸುತ್ತು ಹೆಚ್ಚಾಗಿ ಸೇರಿದರೆ 60 ವರ್ಷ ಹಿಂದೆ ಹೋಗುತ್ತೇವೆ, ಐದು ಸುತ್ತು ಸೇರಿದರೆ 300 ವರ್ಷ.

ಜೊತೆಗೆ ಲಿಪಿಯ ಸಮಸ್ಯೆ. ಶಾನ್ ಭಾಷೆ ದನಿಯ ಏರಿಳಿತದ ಮೇಲೆ ನಿಂತಿದೆ. ‘ನಾ’ ಎಂಬ ಒಂದೇ ಉಲಿ ಏರುದನಿಯಲ್ಲಿ ‘ದಪ್ಪ’, ತಗ್ಗಿದ ದನಿಯಲ್ಲಿ ‘ಬಹಳ’, ನಡುದನಿಯಲ್ಲಿ ‘ಮುಖ’, ಎತ್ತರದ ದನಿಯಲ್ಲಿ ‘ಗದ್ದೆ’, ಗಂಟಲು ಬಿಗಿಹಿಡಿದು ಹೇಳಿದರೆ ‘ಚಿಕ್ಕಮ್ಮ’ ಅಥವಾ ‘ಮಾವ’. ಹಳೆಯ ಬರವಣಿಗೆಯಲ್ಲಿ ಈ ದನಿಗಳಿಗೆ ಗುರುತೇ ಇರಲಿಲ್ಲ. ಓದುಗ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು. ವ್ಯವಸ್ಥಿತವಾಗಿ ಗುರುತು ಹಾಕುವ ಸುಧಾರಿತ ಲಿಪಿ ಬಂದದ್ದು 20ನೇ ಶತಮಾನದ ನಡುಭಾಗದಲ್ಲಿ.

ಕನ್ನಡಿಗರಿಗೆ ಈ ಲಿಪಿ ದೂರದ ನೆಂಟ. ಬ್ರಾಹ್ಮಿಯ ದಕ್ಷಿಣ ಭಾರತದ ರೂಪಗಳು ಕಡಲು ದಾಟಿ ಮೋನ್ ಜನರಿಗೆ, ಅವರಿಂದ ಬರ್ಮೀಯರಿಗೆ, ಅವರಿಂದ ಶಾನರಿಗೆ ತಲುಪಿದವು. ದುಂಡನೆಯ ಅಕ್ಷರ, ಕ-ಖ ಎಂದು ಶುರುವಾಗುವ ವರ್ಣಮಾಲೆ ಎರಡೂ ನಮಗೆ ಪರಿಚಿತ. ಆದರೆ ಶಾನ್ ವರ್ಣಮಾಲೆಯಲ್ಲಿ ಕ, ಖ ಆದ ಮೇಲೆ ನೇರ ‘ಙ’ ಬರುತ್ತದೆ. ಗ, ಘ ಇಲ್ಲ. ಜ, ಡ, ದ, ಬ ಇಲ್ಲ. ಅವರ ಬಾಯಲ್ಲಿ ಆ ದನಿಗಳೇ ಇಲ್ಲದ್ದರಿಂದ ಕೈಬಿಟ್ಟು, ಬೇಕಾದ ‘ಫ’ (ಇಂಗ್ಲಿಷಿನ f ದನಿ) ಅಕ್ಷರವನ್ನು ಹೊಸದಾಗಿ ಮಾಡಿಕೊಂಡರು. ಒಟ್ಟು ವ್ಯಂಜನ 19. ತಂದ ವಸ್ತುವನ್ನು ತಮ್ಮ ಅಳತೆಗೆ ಕತ್ತರಿಸಿಕೊಂಡ ಈ ರೀತಿ ನನಗೆ ಅವರ ಚರಿತ್ರೆಯುದ್ದಕ್ಕೂ ಕಾಣುತ್ತದೆ.

ಮೊಂಗ್ ಎಂದರೇನು

ಶಾನ್ ಚರಿತ್ರೆಯ ಬೀಗದ ಕೈ ‘ಮೊಂಗ್’ ಎಂಬ ಪದದಲ್ಲಿದೆ. ಥಾಯ್‌ನಲ್ಲಿ ಇದೇ ‘ಮುಅಂಗ್’. ನಾಡು, ಪಟ್ಟಣ, ಸೀಮೆ ಎಂದೆಲ್ಲ ಅನುವಾದಿಸುತ್ತಾರೆ. ಮೊಂಗ್ ಎಂದರೆ ನೀರಾವರಿ ಇರುವ ಒಂದು ಕಣಿವೆ, ಅದರ ಊರುಗಳು, ಅದರ ಒಡೆಯ, ಎಲ್ಲ ಸೇರಿದ ಘಟಕ.

ಬೆಟ್ಟದಿಂದ ಇಳಿಯುವ ಹೊಳೆಗೆ ಮರದ ಗೂಟ ಬಡಿದು, ನಡುವೆ ಬಿದಿರು, ಕಲ್ಲು, ಮಣ್ಣು ತುಂಬಿ ಒಡ್ಡು ಕಟ್ಟುತ್ತಾರೆ. ಒಡ್ಡು ನೀರನ್ನು ಪೂರ್ತಿ ತಡೆಯುವುದಿಲ್ಲ, ಮಟ್ಟ ಏರಿಸಿ ಪಕ್ಕದ ಕಾಲುವೆಗೆ ತಿರುಗಿಸುತ್ತದೆ ಅಷ್ಟೆ. ಪ್ರವಾಹ ಬಂದರೆ ಮೇಲೆ ಹರಿದು ಹೋಗುತ್ತದೆ, ಕೆಲವೊಮ್ಮೆ ಒಡ್ಡನ್ನೇ ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಪ್ರತಿವರ್ಷ ದುರಸ್ತಿ ಆಗಲೇಬೇಕು. ಗದ್ದೆಯ ಅಳತೆಗೆ ತಕ್ಕಂತೆ ನೀರು, ನೀರಿನ ಪಾಲಿಗೆ ತಕ್ಕಂತೆ ಆಳು. ಈ ಕೆಲಸಕ್ಕೆ ಜನರನ್ನು ಕರೆಸುವ ಅಧಿಕಾರವೇ ಒಡೆತನದ ಅಡಿಪಾಯ. ಆ ಒಡೆಯನ ಬಿರುದು ‘ಸಾವೊಫಾ’: ‘ಸಾವೊ’ ಒಡೆಯ, ‘ಫಾ’ ಆಕಾಶ. ಬರ್ಮೀಯರು ಅದನ್ನು ‘ಸೊಬ್ವಾ’ ಮಾಡಿದರು. ಅಹೋಂ ಅರಸರು ‘ಸ್ವರ್ಗದೇವ’ ಎಂದು ಅನುವಾದಿಸಿಕೊಂಡರು.

ಈ ವ್ಯವಸ್ಥೆಗೆ ಮಿತಿ ಇದೆ. ಹೊಳೆ ಎಷ್ಟು ಗದ್ದೆಗೆ ನೀರುಣಿಸುತ್ತದೋ ಅಷ್ಟೇ ಜನ. ಕಣಿವೆ ತುಂಬಿದಾಗ ಒಡೆಯನ ಕಿರಿಯ ಮಗನೋ ತಮ್ಮನೋ ಒಂದಿಷ್ಟು ಮನೆತನಗಳನ್ನು ಕಟ್ಟಿಕೊಂಡು ಮುಂದಿನ ಕಣಿವೆಗೆ ಹೊರಡುತ್ತಿದ್ದ. ಶಾನರು ಹರಡಿದ್ದು ಹೀಗೆ. ಸುಕಾಫಾ ಅಂಥವರಲ್ಲೊಬ್ಬ. ಬುರಂಜಿಗಳೆಂಬ ಅಹೋಂ ವೃತ್ತಾಂತಗಳ ಪ್ರಕಾರ ಸುಮಾರು 9,000 ಜನರೊಡನೆ ಹೊರಟು 13 ವರ್ಷ ಅಲೆದು ಅಸ್ಸಾಮಿಗೆ ಬಂದ. 1253ರಲ್ಲಿ ಚರಾಯ್‌ದೇವ್‌ನಲ್ಲಿ ರಾಜಧಾನಿ ಕಟ್ಟಿದ. ಅವನ ವಂಶ 1826ರಲ್ಲಿ ಅಸ್ಸಾಮನ್ನು ಬ್ರಿಟಿಷರ ಕೈಗಿತ್ತ ಯಾಂದಬೊ ಒಪ್ಪಂದದವರೆಗೆ, ಸುಮಾರು 600 ವರ್ಷ ಆಳಿತು. ಆ ಅರಸರ ಸಮಾಧಿ ದಿಬ್ಬಗಳು, ‘ಮೊಯ್ದಾಂ’ಗಳು, 2024ರ ಜುಲೈ 26ರಂದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದವು. ಅದಾಗಿ ಎಂಟು ದಿನಕ್ಕೆ ಅವರ ಬಂಧುಗಳ ನಾಡಿನಲ್ಲಿ ಲಾಶಿಯೊ ಬಿದ್ದಿತು.

ಅಹೋಂ ನುಡಿ ಇಂದು ಯಾರ ಮನೆಮಾತೂ ಅಲ್ಲ, ಊರ ಹೆಸರುಗಳಲ್ಲಿ ಮಾತ್ರ ಉಸಿರಾಡುತ್ತಿದೆ. ‘ನಾಮ್’ ಎಂದರೆ ನೀರು, ಹೊಳೆ. ಅಸ್ಸಾಮಿನ ನಾಮ್‌ರೂಪ್, ಅರುಣಾಚಲದ ನಾಮ್‌ಸಾಯ್, ಶಾನ್ ರಾಜ್ಯದ ನಾಮ್‌ಖಾಮ್ ಎಲ್ಲದರಲ್ಲೂ ಆ ನೀರಿದೆ. ನಾಮ್‌ಸಾಯ್‌ನ ಖಾಮ್ತಿಗಳು ಇಂದಿಗೂ ಶಾನ್‌ಗೆ ತೀರ ಹತ್ತಿರದ ನುಡಿಯಾಡುತ್ತಾರೆ. ಹಾಗೆಯೇ ‘ಲೊಯ್’ ಬೆಟ್ಟ, ‘ಕೆಂಗ್’ ಕೋಟೆಯ ಪಟ್ಟಣ. ಕೆಂಗ್‌ತುಂಗ್‌ನ ಕೆಂಗ್, ಚಿಯಾಂಗ್ ಮಾಯ್‌ನ ಚಿಯಾಂಗ್ ಒಂದೇ. ನಕ್ಷೆ ಓದುವವರು ಒಂದು ಸೂತ್ರ ನೆನಪಿಟ್ಟುಕೊಳ್ಳಬೇಕು. ಬರ್ಮೀ ರೂಪದಲ್ಲಿ ಸಕಾರ ಥಕಾರಕ್ಕೆ ಹತ್ತಿರವಾಗುತ್ತದೆ, ಕೆಂಗ್ ‘ಚಾಯಿಂಗ್’ ಆಗುತ್ತದೆ, ಮೊಂಗ್ ‘ಮಾಯಿಂಗ್’ ಆಗುತ್ತದೆ. ಸಿಪಾವ್ ‘ಥೀಬೊ’ ಆದದ್ದು ಹೀಗೆ. ರತ್ನಾಗಿರಿಯಲ್ಲಿ ಸೆರೆಯಾಗಿದ್ದು 1916ರಲ್ಲಿ ತೀರಿಕೊಂಡ ಬರ್ಮಾದ ಕೊನೆಯ ದೊರೆ ಥೀಬೊನ ಹೆಸರು ಬಂದದ್ದು ಈ ಶಾನ್ ಪಟ್ಟಣದಿಂದಲೇ.

ಕಣಿವೆಯ ಸುತ್ತಲಿನ ಬೆಟ್ಟದಲ್ಲಿ ಪಲಾಂಗರು ಚಹಾ ಬೆಳೆಯುತ್ತಿದ್ದರು. ವಾ, ಲಾಹು, ಅಖಾ ಜನ ಕುಮರಿ ಬೇಸಾಯ ಮಾಡುತ್ತಿದ್ದರು. ಐದು ದಿನಕ್ಕೊಮ್ಮೆ ಸರದಿಯಂತೆ ಊರಿಂದೂರಿಗೆ ತಿರುಗುವ ಸಂತೆಯಲ್ಲಿ ಕಣಿವೆಯವರೂ ಬೆಟ್ಟದವರೂ ಸೇರುತ್ತಿದ್ದರು. ಇನ್ಲೆ ಸರೋವರದ ಸುತ್ತ ಈ ಐದು ದಿನದ ಸಂತೆ ಇವತ್ತಿಗೂ ನಡೆಯುತ್ತದೆ. ಆ ಸರೋವರದ ಜನ ಇಂಥಾಗಳು, ಆದರೆ ಅವರನ್ನಾಳಿದ ಯಾಂಗ್‌ಹ್ವೆಯ ಒಡೆಯ ಶಾನ್. ಹೀಗೆ ಒಬ್ಬ ಸಾವೊಫಾನ ಪ್ರಜೆಗಳಲ್ಲಿ ಶಾನರಲ್ಲದವರೇ ಹೆಚ್ಚಿದ್ದ ಉದಾಹರಣೆಗಳು ಕಡಿಮೆಯೇನಲ್ಲ.

ಒಂದಾಗುವ ಪ್ರಯತ್ನಗಳು

ಕಣಿವೆಗಳನ್ನು ಒಂದೇ ಕೈಯಡಿಗೆ ತರಲು ಯಾರೂ ನೋಡಲಿಲ್ಲವೆಂದಲ್ಲ. ಇಂದಿನ ಚೀನಾ-ಮ್ಯಾನ್ಮಾರ್ ಗಡಿಯಲ್ಲಿ ಹರಿಯುವ ನಾಮ್ ಮಾವ್ ಹೊಳೆಯ ದಂಡೆಯಲ್ಲಿ 14ನೇ ಶತಮಾನದಲ್ಲಿ ಮೊಂಗ್ ಮಾವ್ ರಾಜ್ಯ ಬೆಳೆಯಿತು. ಸ ಖಾನ್ ಫಾ ಎಂದು ಶಾನರು ನೆನೆಯುವ, ಚೀನೀಯರು ಸಿ ಕೆಫಾ ಎಂದು ಬರೆಯುವ ದೊರೆಯ ಕಾಲದಲ್ಲಿ ಅದು ಉತ್ತುಂಗಕ್ಕೇರಿತು. 1388ರಲ್ಲಿ ಅವನ ನಂತರದ ದೊರೆ ಸಿ ಲುನ್‌ಫಾ ನೂರಕ್ಕೂ ಹೆಚ್ಚು ಆನೆಗಳೊಡನೆ ಮಿಂಗ್ ಸೈನ್ಯದ ಮೇಲೆ ಏರಿಹೋದ. ಚೀನೀ ಸೇನಾಪತಿ ಮು ಯಿಂಗ್ ಬಂದೂಕು ಮತ್ತು ಅಗ್ನಿಬಾಣದವರನ್ನು ಮೂರು ಸಾಲಾಗಿ ನಿಲ್ಲಿಸಿ ಸರದಿಯಂತೆ ಹೊಡೆಸಿದ. ಬೆದರಿದ ಆನೆಗಳು ತಿರುಗಿ ಓಡಿದವು. ಮುಂದೆ 1436ರಿಂದ 1449ರವರೆಗೆ ನಡೆದ ಲುಚುವಾನ್ ಯುದ್ಧಗಳಲ್ಲಿ ಮಿಂಗರು ಮೊಂಗ್ ಮಾವ್ ಅನ್ನು ಮುರಿದರು. ಅದು ಒಡೆದು ಮತ್ತೆ ಕಣಿವೆಗಳಾಯಿತು.

1527ರಲ್ಲಿ ಮೊಹ್ನ್ಯಿನ್ ಎಂಬ ನಾಡಿನ ಶಾನರು ಬರ್ಮೀ ರಾಜಧಾನಿ ಆವಾವನ್ನೇ ಹಿಡಿದರು, 1555ರವರೆಗೆ ಅಲ್ಲಿ ಶಾನ್ ದೊರೆಗಳ ಆಳ್ವಿಕೆ ನಡೆಯಿತು. ಅವರ ಮೊದಲ ದೊರೆ ಥೊಹನ್‌ಬ್ವಾ ಭಿಕ್ಷುಗಳನ್ನು ಕೊಲ್ಲಿಸಿದನೆಂಬ ನೆನಪು ಬರ್ಮೀ ವೃತ್ತಾಂತಗಳಲ್ಲಿ ಕಹಿಯಾಗಿ ಉಳಿದಿದೆ. 1557ರ ಹೊತ್ತಿಗೆ ಬರ್ಮೀ ದೊರೆ ಬಯಿನ್ನೌಂಗ್ ಬಹುಪಾಲು ಶಾನ್ ನಾಡುಗಳನ್ನು ಗೆದ್ದ. ಒಡೆಯರನ್ನು ಅವರವರ ಗದ್ದುಗೆಯಲ್ಲೇ ಬಿಟ್ಟು, ಅವರ ಮಕ್ಕಳನ್ನು ತನ್ನ ಆಸ್ಥಾನದಲ್ಲಿ ಇರಿಸಿಕೊಂಡ. ಕಪ್ಪ, ಯುದ್ಧಕ್ಕೆ ಸೈನಿಕರು, ಒಳಾಡಳಿತಕ್ಕೆ ಸ್ವಾತಂತ್ರ್ಯ: ಈ ಏರ್ಪಾಡು ಬರ್ಮೀ ಅರಸರು ಇರುವವರೆಗೂ ಹೆಚ್ಚುಕಡಿಮೆ ಮುಂದುವರಿಯಿತು.

1886ರಲ್ಲಿ ಉತ್ತರ ಬರ್ಮಾವನ್ನು ನುಂಗಿದ ಬ್ರಿಟಿಷರೂ ಇದನ್ನೇ ಎತ್ತಿಕೊಂಡರು. ಸಾವೊಫಾಗಳಿಗೆ ಸನದು ಕೊಟ್ಟು ಅರಣ್ಯ, ಖನಿಜದ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಂಡರು. ಬೌಡ್ವಿನ್ ಗಣಿಯ ಬೆಳ್ಳಿ-ಸೀಸಕ್ಕಾಗಿ ಹಳಿ ಬಂತು. 1901ರಲ್ಲಿ ಗೊಕ್‌ಟೇಕ್ ಕಮರಿಗೆ ಸುಮಾರು 100 ಮೀಟರ್ ಎತ್ತರದ ಉಕ್ಕಿನ ಸೇತುವೆ ಬಂತು. 2025ರ ಆಗಸ್ಟಿನಲ್ಲಿ ಆ ಸೇತುವೆ ಯುದ್ಧಕ್ಕೆ ಸಿಕ್ಕಿ ಹಾನಿಗೊಂಡಾಗ ಸೇನೆ, ತಾಆಂಗ್ ಪಡೆ ಒಬ್ಬರ ಮೇಲೊಬ್ಬರು ಹೊಣೆ ಹೊರಿಸಿದರು. ಬ್ರಿಟಿಷರು ಮಾಡಿದ ದೊಡ್ಡ ಬದಲಾವಣೆಯೆಂದರೆ ಗೆರೆ ಎಳೆದದ್ದು. ಕಣಿವೆಗಳ ನಡುವಿನ ಸಡಿಲ ಅಂಚುಗಳು ಎಲ್ಲೆಗಳಾದವು. 1922ರಲ್ಲಿ ‘ಶಾನ್ ಸಂಯುಕ್ತ ರಾಜ್ಯಗಳು’ ಎಂಬ ಒಂದೇ ಹೆಸರಿನಡಿ ಎಲ್ಲ ಸೇರಿದವು. ಚರಿತ್ರೆಯಲ್ಲಿ ಮೊದಲ ಬಾರಿಗೆ ಇಡೀ ಪ್ರದೇಶಕ್ಕೆ, ಬೆಟ್ಟದ ಜನರನ್ನೂ ಸೇರಿಸಿಕೊಂಡು, ಶಾನ್ ಎಂಬ ಆಡಳಿತದ ಮುದ್ರೆ ಬಿತ್ತು.

ಪಾಂಗ್‌ಲಾಂಗ್‌ನ ಸಹಿಗಳು

ಸ್ವಾತಂತ್ರ್ಯಕ್ಕೆ ಮುನ್ನ ಬರ್ಮಾ ಸರ್ಕಾರ ಶಾನ್, ಕಚಿನ್, ಚಿನ್ ಗಡಿನಾಡುಗಳ ನಾಯಕರೊಡನೆ ಮಾಡಿಕೊಂಡ 1947ರ ಫೆಬ್ರವರಿ 12ರ ಪಾಂಗ್‌ಲಾಂಗ್ ಒಪ್ಪಂದದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಸಹಿ ಮಾಡಿದವರ ಪಟ್ಟಿಯನ್ನು ನೋಡುವವರು ಕಡಿಮೆ. ಒಟ್ಟು 23 ಸಹಿ: ಬರ್ಮಾ ಸರ್ಕಾರದ ಪರವಾಗಿ ಆಂಗ್ ಸಾನ್, ಕಚಿನ್ 6, ಚಿನ್ 3, ಶಾನ್ ಸಮಿತಿಯ 13. ಆ 13ರಲ್ಲಿ ಮೊದಲನೆಯದು ತೌಂಗ್‌ಪೆಂಗ್‌ನ ಸಾವೊಫಾನದು. ತೌಂಗ್‌ಪೆಂಗ್ ಪಲಾಂಗರ ನಾಡು, ಒಡೆಯನೂ ಪಲಾಂಗ್. ಅದೇ ಸಾಲಿನಲ್ಲಿ ಪಾ-ಓ ಜನರ ನಾಡಾದ ಸಾತುಂಗ್‌ನ ಪ್ರತಿನಿಧಿಯೂ ಇದ್ದಾನೆ. ಅಂದರೆ ಒಪ್ಪಂದಕ್ಕೆ ಕೂತ ‘ಶಾನ್’ ಎಂಬುದು ಜನಾಂಗದ ಹೆಸರಲ್ಲ, ಕಣಿವೆ-ಬೆಟ್ಟಗಳ ಒಡೆಯರ ಕೂಟದ ಹೆಸರು. ಇಂದಿನ ಜಗಳದ ಎರಡೂ ಪಕ್ಷದವರು ಈ ಪುಟವನ್ನು ಮತ್ತೆ ತೆರೆದು ನೋಡಬೇಕೆಂದು ಮನಸಾರೆ ಅನಿಸುತ್ತದೆ.

ಒಪ್ಪಂದದ 5ನೇ ಅಂಶ ಒಳಾಡಳಿತದ ಪೂರ್ಣ ಸ್ವಾಯತ್ತತೆಯ ಭರವಸೆ ಕೊಟ್ಟಿತು, 8ನೆಯದು ಶಾನ್ ರಾಜ್ಯಗಳ ಹಣಕಾಸಿನ ಸ್ವಾತಂತ್ರ್ಯಕ್ಕೆ ಧಕ್ಕೆಯಿಲ್ಲ ಎಂದಿತು. ಅದೇ ವರ್ಷದ ಸಂವಿಧಾನದ 10ನೇ ಅಧ್ಯಾಯ ಪ್ರತ್ಯೇಕವಾಗುವ ಹಕ್ಕನ್ನೂ ಬರೆಯಿತು. ಕ್ರಮ ಹೀಗೆ: ಸಂವಿಧಾನ ಜಾರಿಯಾಗಿ 10 ವರ್ಷ ಕಳೆಯಬೇಕು, ರಾಜ್ಯ ಮಂಡಳಿಯ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು, ಅಧ್ಯಕ್ಷರಿಗೆ ತಿಳಿಸಬೇಕು, ಒಕ್ಕೂಟದ್ದೂ ರಾಜ್ಯದ್ದೂ ಸಮ ಸಂಖ್ಯೆಯ ಸದಸ್ಯರಿರುವ ಆಯೋಗದ ಮುಂದೆ ಜನಮತ ನಡೆಯಬೇಕು. ದೇಶ ಸ್ವತಂತ್ರವಾದದ್ದು 1948ರ ಜನವರಿ 4. ಅಂದರೆ 1958ರ ಜನವರಿಯಿಂದ ಬಾಗಿಲು ತೆರೆಯುತ್ತಿತ್ತು.

ಆ ಹತ್ತು ವರ್ಷದಲ್ಲಿ ಆದದ್ದೇ ಬೇರೆ. 1947ರ ಜುಲೈ 19ರಂದು ಆಂಗ್ ಸಾನ್ ಕೊಲೆಯಾದಾಗ ಅದೇ ಕೊಠಡಿಯಲ್ಲಿ ಗುಂಡೇಟು ತಿಂದ ಮೊಂಗ್ ಪೋನ್‌ನ ಸಾವೊಫಾ ಸಾವೊ ಸಾಮ್ ತುನ್ ಮರುದಿನ ತೀರಿಕೊಂಡರು. ಮಾತು ಕೊಟ್ಟವರೂ ಮಾತು ಪಡೆದವರೂ ಒಟ್ಟಿಗೇ ಹೋದರು. 1950ರ ಸುಮಾರಿಗೆ ಮಾವೊ ಪಡೆಗೆ ಸೋತ ಚೀನೀ ರಾಷ್ಟ್ರವಾದಿ ಸೈನಿಕರು ಶಾನ್ ಬೆಟ್ಟಗಳಿಗೆ ನುಗ್ಗಿ ಬೀಡುಬಿಟ್ಟರು. ಅವರನ್ನು ಹೊರದೂಡುವ ಹೆಸರಲ್ಲಿ ಬರ್ಮೀ ಸೇನೆ ಬಂತು, ಉಳಿಯಿತು. 1958ರಲ್ಲಿ ಶಾನ್ ಯುವಕರು ‘ನೂಮ್ ಸುಕ್ ಹಾನ್’ ಎಂಬ ಮೊದಲ ಸಶಸ್ತ್ರ ಗುಂಪು ಕಟ್ಟಿದರು. 1959ರ ಏಪ್ರಿಲಿನಲ್ಲಿ ಸಾವೊಫಾಗಳು ವಂಶಪಾರಂಪರ್ಯದ ಅಧಿಕಾರ ಬಿಟ್ಟುಕೊಟ್ಟರು. ನಂತರ ಶಾನ್ ನಾಯಕರು ಪ್ರತ್ಯೇಕತೆಯನ್ನು ಬದಿಗಿಟ್ಟು ನಿಜವಾದ ಒಕ್ಕೂಟ ಕೇಳಿದರು. ರಾಜಧಾನಿಯಲ್ಲಿ ಆ ಚರ್ಚೆ ನಡೆಯುತ್ತಿರುವಾಗಲೇ 1962ರ ಮಾರ್ಚ್ 2ರಂದು ಸೇನಾ ಮುಖ್ಯಸ್ಥ ನೆ ವಿನ್ ದಂಗೆ ಎದ್ದ. ದೇಶದ ಮೊದಲ ಅಧ್ಯಕ್ಷರಾಗಿದ್ದ ಯಾಂಗ್‌ಹ್ವೆಯ ಸಾವೊ ಶ್ವೇ ಥೈಕ್ ಅವರ 17 ವರ್ಷದ ಮಗ ಆ ರಾತ್ರಿ ಗುಂಡಿಗೆ ಬಲಿಯಾದ. ಅವರು ಅದೇ ವರ್ಷ ಸೆರೆಯಲ್ಲಿ ತೀರಿಕೊಂಡರು. ಸಿಪಾವ್‌ನ ಒಡೆಯ ಸಾವೊ ಚಾ ಸೆಂಗ್ ಸೇನೆಯ ವಶದಲ್ಲಿ ಕಾಣೆಯಾದರು. ಮತ್ತೆ ಪತ್ತೆಯಾಗಲಿಲ್ಲ.

ಅಲ್ಲಿಂದ ಮುಂದಿನದು ಕತ್ತರಿಯ ನೀತಿ. ಬಂಡಾಯಗಾರರಿಗೆ ಅನ್ನ, ಹಣ, ಸುದ್ದಿ, ಹೊಸ ಆಳು ನಾಲ್ಕನ್ನೂ ಕಡಿಯುವುದು. ಕಡಿಯಬೇಕಾದರೆ ಹಳ್ಳಿಯನ್ನೇ ಎತ್ತಬೇಕು. 1996ರ ಜನವರಿಯಲ್ಲಿ ಖುನ್ ಸಾ ಎಂಬ ಅಫೀಮು ದೊರೆ ತನ್ನ ಪಡೆಯೊಡನೆ ಶರಣಾದ. ಒಪ್ಪದ ಶಾನ್ ಸೈನಿಕರು ಬೇರೆಯಾಗಿ ಹೋರಾಟ ಮುಂದುವರಿಸಿದರು. ಆಗ ಸೇನೆ ಮಧ್ಯ ಶಾನ್‌ನ 1,400ಕ್ಕೂ ಹೆಚ್ಚು ಹಳ್ಳಿಗಳಿಂದ 3 ಲಕ್ಷಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿತೆಂದು ಶಾನ್ ಮಾನವ ಹಕ್ಕು ಸಂಘಟನೆ ದಾಖಲಿಸಿದೆ. ಕಣಿವೆಯ ಒಡ್ಡನ್ನು ವರ್ಷಕ್ಕೊಮ್ಮೆ ದುರಸ್ತಿ ಮಾಡದಿದ್ದರೆ ಗದ್ದೆ ಒಣಗುತ್ತದೆಂದು ಮೇಲೆ ಹೇಳಿದೆನಲ್ಲ, ಆಳೇ ಇಲ್ಲದ ಕಣಿವೆಯ ಸ್ಥಿತಿಯನ್ನು ಇನ್ನು ವಿವರಿಸಬೇಕಿಲ್ಲ. ಓಡಿದವರಲ್ಲಿ ಬಹುಪಾಲು ಥಾಯ್ಲೆಂಡಿಗೆ ಹೋದರು. ಕರೆನ್ ನಿರಾಶ್ರಿತರಿಗೆ ಅಲ್ಲಿ ಶಿಬಿರಗಳಿವೆ, ಶಾನರಿಗೆ ಅಂಥ ಮಾನ್ಯತೆ ಸಿಗಲಿಲ್ಲ. ನುಡಿ ಹತ್ತಿರ, ಮುಖ ಹತ್ತಿರ, ಕೂಲಿಗೆ ಸೇರಿಕೊಳ್ಳುತ್ತಾರೆ ಎಂಬ ಎಣಿಕೆ. ಬಂಧುತ್ವವೇ ಅವರಿಗೆ ಮುಳುವಾಯಿತು. ಚಿಯಾಂಗ್ ಮಾಯ್‌ನ ತೋಟ ಮತ್ತು ಕಟ್ಟಡಗಳ ಕೆಲಸಕ್ಕೆ ಅವರು ಹೋದದ್ದು ನಿರಾಶ್ರಿತರಾಗಿ ಅಲ್ಲ, ವಲಸೆ ಕೂಲಿಗಳಾಗಿ.

ಈಗಿನ ಯುದ್ಧ

2015ರ ಅಕ್ಟೋಬರಿನ ಕದನವಿರಾಮಕ್ಕೆ ದಕ್ಷಿಣದ ಶಾನ್ ಪಡೆ ಸಹಿ ಹಾಕಿತು, ಉತ್ತರದ್ದು ಹಾಕಲಿಲ್ಲ. ಸಹಿ ಹಾಕಿದ ಪಡೆ ಉತ್ತರಕ್ಕೆ ಸರಿದಾಗ ಆ ಬೆಟ್ಟಗಳು ತಮ್ಮವೆನ್ನುವ ತಾಆಂಗರೊಡನೆ ಕಾಳಗ ಶುರುವಾಯಿತು. 2021ರ ಸೇನಾದಂಗೆಯ ನಂತರ ಉತ್ತರದ ಶಾನ್ ಪಡೆಯೂ ತಾಆಂಗರೂ ಸೇರಿ ದಕ್ಷಿಣದವರನ್ನು ಹಿಂದಕ್ಕೆ ತಳ್ಳಿದರು. ಹೀಗಾಗಿ 2023ರ ಅಕ್ಟೋಬರ್ 27ರಂದು ಕೊಕಾಂಗ್, ತಾಆಂಗ್ ಮತ್ತು ಅರಕಾನ್ ಪಡೆಗಳು ಒಟ್ಟಾಗಿ ಸೇನೆಯ ಮೇಲೆ ಮುಗಿಬಿದ್ದಾಗ ಶಾನ್ ಪಡೆಗಳು ಮುಂಚೂಣಿಯಲ್ಲಿ ಇರಲೇ ಇಲ್ಲ. ಕಾಳಗ ನಡೆದದ್ದು ಚೀನಾ ಗಡಿಯ ಮೂಸೆ ಪಟ್ಟಣದಿಂದ ಮಾಂಡಲೆಗೆ ಹೋಗುವ ಹೆದ್ದಾರಿಗಾಗಿ. ಅದು ಚೀನಾ ವ್ಯಾಪಾರದ ಕೊರಳನಾಳ. ಹಾಗಾಗಿ ಫಲಿತಾಂಶ ಬದಲಾಯಿಸಿದ್ದೂ ಚೀನಾವೇ. 2025ರ ಏಪ್ರಿಲಿನಲ್ಲಿ ಅದರ ಒತ್ತಡಕ್ಕೆ ಲಾಶಿಯೊ ಸೇನೆಗೆ ಮರಳಿತು. ಅಕ್ಟೋಬರಿನಲ್ಲಿ ಚೌಕ್‌ಮೆ, ಸಿಪಾವ್ ಎರಡನ್ನೂ ಸೇನೆ ಮತ್ತೆ ಹಿಡಿಯಿತು. ಅದೇ ತಿಂಗಳು ಕುನ್‌ಮಿಂಗ್ ಮಾತುಕತೆಯಲ್ಲಿ ತಾಆಂಗರು ಮಾಣಿಕ್ಯದ ಊರು ಮೊಗೊಕ್ ಬಿಟ್ಟುಕೊಡಲು ಒಪ್ಪಿದರು.

ಕಣಿವೆಯ ಶಾನ್ ರೈತ ಹೀಗೆ ಒಂದೂವರೆ ವರ್ಷದಲ್ಲಿ ಎರಡೆರಡು ಸಲ ಒಡೆಯರು ಬದಲಾದದ್ದನ್ನು ಕಂಡ. ಇಬ್ಬರೂ ಅವನವರಲ್ಲ, ಇಬ್ಬರ ಕಾಲದಲ್ಲೂ ಅವನ ಮಕ್ಕಳಿಗೆ ಸೈನ್ಯ ಸೇರುವ ಒತ್ತಾಯ. ಸೇನೆ 2024ರ ಫೆಬ್ರವರಿಯಲ್ಲಿ ಕಡ್ಡಾಯ ಸೇನಾಸೇವೆಯ ಕಾನೂನನ್ನು ಜಾರಿಗೆ ತಂದ ಮೇಲೆ ಕಣಿವೆಗಳಿಂದ ಹುಡುಗರು ಗಡಿಯತ್ತ ಓಡುತ್ತಿದ್ದಾರೆ. ಶಾನರ ನೋವು ನ್ಯಾಯವಾದದ್ದು. ಕೊಟ್ಟ ಮಾತನ್ನು ಮುರಿದದ್ದು ಅವರಲ್ಲ. ಆದರೆ ಇಡೀ ರಾಜ್ಯ ಶಾನರದೇ ಎಂಬ ವಾದಕ್ಕೆ ಅವರ ಚರಿತ್ರೆಯೇ ಒಪ್ಪಿಗೆ ಕೊಡುವುದಿಲ್ಲ. ಹಾಗೆಯೇ ಬೆಟ್ಟದ ಪಡೆಗಳು ಕಣಿವೆಯ ಪಟ್ಟಣಗಳನ್ನು ತಮ್ಮ ತಾಯ್ನಾಡಿನ ನಕ್ಷೆಗೆ ಸೇರಿಸಿಕೊಳ್ಳುವುದಕ್ಕೂ ಆ ಚರಿತ್ರೆಯಲ್ಲಿ ಆಧಾರವಿಲ್ಲ.

2008ರ ಸಂವಿಧಾನ ಶಾನ್ ರಾಜ್ಯದೊಳಗೇ ದನು, ಪಾ-ಓ, ಪಲಾಂಗ್, ಕೊಕಾಂಗ್, ವಾ ಜನರಿಗೆ ಐದು ಸ್ವಯಮಾಡಳಿತ ಪ್ರದೇಶಗಳನ್ನು ಗುರುತಿಸಿದೆ. ಅವುಗಳ ಗೆರೆಯನ್ನು ನ್ಯಾಯವಾಗಿ ಮತ್ತೆ ಎಳೆಯಬೇಕಾದರೆ ತಾಲ್ಲೂಕುವಾರು ಯಾರೆಷ್ಟು ಎಂಬ ಲೆಕ್ಕ ಬೇಕು. 2014ರ ಜನಗಣತಿ ಶಾನ್ ರಾಜ್ಯದ ಜನಸಂಖ್ಯೆ 58 ಲಕ್ಷ ಎಂದಿತು, ಜನಾಂಗವಾರು ಅಂಕಿಯನ್ನು ಮಾತ್ರ ಪ್ರಕಟಿಸಲಿಲ್ಲ. ಆ ಗಣತಿ ಹಿಡಿದುಕೊಂಡು ಹೊರಟದ್ದು ಸರ್ಕಾರದ 135 ಜನಾಂಗಗಳ ಪಟ್ಟಿಯನ್ನು. ಅದರಲ್ಲಿ ‘ಶಾನ್’ ಎಂಬ ತಲೆಬರಹದಡಿ 33 ಹೆಸರುಗಳಿವೆ. ಕಣಿವೆಯ ತೈಗಳಿದ್ದಾರೆ, ಖಾಮ್ತಿಗಳಿದ್ದಾರೆ, ಇಂಥಾಗಳಿದ್ದಾರೆ, ಪಾ-ಓ, ವಾ ಇದ್ದಾರೆ. ಸಿಪಾವ್ ಹಿಡಿದ ಪಲಾಂಗರೂ ಲಾಶಿಯೊ ಗೆದ್ದ ಕೊಕಾಂಗರೂ ಅದೇ ತಲೆಬರಹದ ಕೆಳಗಿದ್ದಾರೆ.